ಮಂಟಪದ ಫೈರ್ ಅಲಾರಂ 4 ಝೋನ್‌ನಿಂದ 8ಕ್ಕೆ: ಕಾರ್ಡ್ ಚೆನ್ನಾಗಿದೆ, ಹಾಕುವವರನ್ನು ನೋಡಿ ಕರೆಸಿ

ಮೈಸೂರಿನಲ್ಲಿ ನಮ್ಮದೊಂದು ಕಲ್ಯಾಣ ಮಂಟಪ ಇದೆ. ಕೆಳಗೆ ಊಟದ ಹಾಲ್ ಮತ್ತು ಅಡುಗೆಮನೆ, ಅದರ ಮೇಲೆ ಮದುವೆ ಹಾಲ್, ಕೊನೆಯ ಮಹಡಿಯಲ್ಲಿ ನೆಂಟರಿಗೆ 14 ರೂಮು. ಕಟ್ಟಿಸಿದಾಗ ಸಾದಾ ಕನ್ವೆನ್ಷನಲ್ ಫೈರ್ ಅಲಾರಂ ಹಾಕಿಸಿದ್ದೆವು, 4 ಝೋನಿನದು. ಝೋನ್ ಅಂದರೆ ಒಂದೇ ವೈರ್ ಲೈನಿಗೆ ಸೇರಿದ ಡಿಟೆಕ್ಟರ್‌ಗಳ ಗುಂಪು. ಲೈನುಗಳೆಲ್ಲ ಬಂದು ಸೇರುವ ಡಬ್ಬ, ಅಂದರೆ ಪ್ಯಾನಲ್, ಯಾವ ಗುಂಪಿನಲ್ಲಿ ಹೊಗೆ ಅಂತ ಮಾತ್ರ ಹೇಳುತ್ತದೆ. ಆಗ ಅದು ಸಾಕು ಅನ್ನಿಸಿತ್ತು.

ತಲೆನೋವು ಶುರುವಾಗಿದ್ದು ಹೋಮದಿಂದ. ಮದುವೆ ಹಾಲ್ ಪೂರ್ತಿ ಒಂದೇ ಝೋನ್, ಸಾಲದ್ದಕ್ಕೆ ವೈರ್ ಉಳಿಸೋಕೆ ಅಂತ ಮೇಲಿನ ಅರ್ಧ ರೂಮುಗಳನ್ನೂ ಅದಕ್ಕೇ ಸೇರಿಸಿಬಿಟ್ಟಿದ್ದರು. ಹೋಮದ ಹೊಗೆ ಸ್ವಲ್ಪ ಮೇಲೇರಿದರೆ ಸಾಕು, ಹೂಟರ್ ಕೂಗೋದು, ಗಟ್ಟಿಮೇಳಕ್ಕಿಂತ ಜೋರಾಗಿ. ಅದಕ್ಕೇ ನಮ್ಮ ವಾಚ್‌ಮನ್ ಮುಹೂರ್ತಕ್ಕೆ ಮುಂಚೆಯೇ ಆ ಝೋನನ್ನು ಐಸೊಲೇಟ್ ಮಾಡಿಬಿಡುತ್ತಿದ್ದ, ಎಷ್ಟೋ ಸಲ ಮತ್ತೆ ಆನ್ ಮಾಡೋದನ್ನೇ ಮರೆಯುತ್ತಿದ್ದ, ಅಂದರೆ ಮೇಲೆ ಮಕ್ಕಳು ಮುದುಕರು ಮಲಗಿರುವ ರೂಮುಗಳಿಗೂ ರಾತ್ರಿಯಿಡೀ ಅಲಾರಂ ಇಲ್ಲ. ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ಮೊದಲು ಯಾವ ಡಿಟೆಕ್ಟರ್ ಹೊಡೆಯಿತು ಅಂತ ನೇರವಾಗಿ ಹೇಳುವ ಅಡ್ರೆಸೆಬಲ್ ಸಿಸ್ಟಮ್‌ಗೆ ಹೋಗೋಣ ಅಂತ ವಿಚಾರಿಸಿದೆವು. ಪ್ಯಾನಲ್ ಜೊತೆಗೆ ಇರುವ ಡಿಟೆಕ್ಟರ್‌ಗಳನ್ನೆಲ್ಲ ಬದಲಾಯಿಸಬೇಕು, 2.7 ಲಕ್ಷ ಅಂದರು. ಬೇಡ ಅಂತ ಕೈಬಿಟ್ಟೆವು. ಆಮೇಲೆ ನೋಡಿದರೆ ನಮ್ಮ ಪ್ಯಾನಲ್ ಡಬ್ಬ 8 ಝೋನಿನದೇ, ಅರ್ಧ ಖಾಲಿ ಬಿಟ್ಟಿದ್ದರು. ಅದೇ ಕಂಪನಿಯ 4 ಝೋನ್ ಎಕ್ಸ್‌ಪಾನ್ಷನ್ ಕಾರ್ಡ್ 5,600 ರೂಪಾಯಿಗೆ ಸಿಕ್ಕಿತು. ಬೇರೆ ಕಂಪನಿಯ ಕಾರ್ಡ್ ಇದರಲ್ಲಿ ಕೂರೋದಿಲ್ಲ, ಹಾಗಾಗಿ ಮಾಡೆಲ್ ನಂಬರ್ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ.

ಕಾರ್ಡ್ ಕೂರಿಸೋದು ಹತ್ತು ನಿಮಿಷದ ಕೆಲಸ. ದುಡ್ಡು ಹೋಗೋದು ವೈರಿಗೆ. ಹೊಸ ಝೋನ್ ಅಂದರೆ ಪ್ಯಾನಲ್‌ನಿಂದ ಆ ಜಾಗದವರೆಗೆ ಬೇರೆಯೇ ಎರಡು ಎಳೆ ವೈರ್ ಎಳೆಯಬೇಕು, ಕಾರ್ಡ್ ಹಾಕಿದ ಮಾತ್ರಕ್ಕೆ ಹಳೇ ಝೋನ್ ತಾನಾಗಿ ಎರಡು ಭಾಗ ಆಗೋದಿಲ್ಲ. ನಮಗೆ ಕೇಬಲ್ಲು, ಕೂಲಿ ಸೇರಿ 31 ಸಾವಿರ ಆಯಿತು.

ಈಗ ಮೊದಲು ಬಂದವರ ಕಥೆ. ಹೆಸರು ಬೇಡ. ಇಬ್ಬರು ಹುಡುಗರು ಬಂದರು, ಒಂದೇ ದಿನದಲ್ಲಿ ಮುಗಿಸಿದರು, ಎಂಟೂ ಝೋನ್ ಹಸಿರು ತೋರಿಸಿ ದುಡ್ಡು ತೆಗೆದುಕೊಂಡು ಹೋದರು. ನಾನೂ ಖುಷಿಯಾಗಿದ್ದೆ. ಎರಡು ವಾರದ ಮೇಲೆ ಪೇಂಟಿಂಗ್ ಕೆಲಸಕ್ಕೆ ಅಂತ ಕೊನೆಯ ರೂಮಿನ ಡಿಟೆಕ್ಟರ್ ತಿರುಗಿಸಿ ಬಿಚ್ಚಿಟ್ಟರು. ಪ್ಯಾನಲ್ ಫಾಲ್ಟ್ ಅಂತ ಬೀಪ್ ಮಾಡಬೇಕಿತ್ತು ಅಲ್ವಾ? ಸುಮ್ನೆ ಹಸಿರಾಗೇ ಕೂತಿತ್ತು. ಅನುಮಾನ ಬಂದು ಪಕ್ಕದ ರೂಮಿನದ್ದನ್ನೂ ಬಿಚ್ಚಿದೆ. ಆಗಲೂ ಹಸಿರೇ.

ಬೇರೆ ಟೆಕ್ನಿಷಿಯನ್ ಒಬ್ಬರನ್ನು ಕರೆಸಿದೆ, ವಯಸ್ಸಾದವರು, ಮಾತು ಕಮ್ಮಿ. ಪ್ಯಾನಲ್ ಬಾಗಿಲು ತೆಗೆದವರೇ ನಕ್ಕರು. ಹೊಸ ನಾಲ್ಕೂ ಝೋನಿನ ಟರ್ಮಿನಲ್ಲಿಗೇ ಪುಟ್ಟ ಪುಟ್ಟ ರೆಸಿಸ್ಟರ್ ಸಿಕ್ಕಿಸಿದ್ದರು, ಹಳದಿ, ನೇರಳೆ, ಕೆಂಪು ಪಟ್ಟಿಯ 4.7 ಕಿಲೊ ಓಮ್‌ನದ್ದು. ಅದು ಇರಬೇಕಾದ್ದು ಲೈನಿನ ತುದಿಯಲ್ಲಿ, ಕೊನೆಯ ಡಿಟೆಕ್ಟರ್ ಹತ್ತಿರ. ಪ್ಯಾನಲ್ ಸದಾ ಲೈನಿನಲ್ಲಿ ಚೂರು ಕರೆಂಟ್ ಹರಿಸಿ ನೋಡುತ್ತಿರುತ್ತದೆ. ಅದು ತುದಿಯ ರೆಸಿಸ್ಟರ್ ದಾಟಿ ವಾಪಸ್ ಬಂದರೆ ವೈರ್ ಸರಿಯಿದೆ ಅಂತ ಲೆಕ್ಕ, ವೈರ್ ತುಂಡಾಗಿಯೋ ಡಿಟೆಕ್ಟರ್ ಬಿಚ್ಚಿಯೋ ನಿಂತು ಹೋದರೆ ಫಾಲ್ಟ್, ಡಿಟೆಕ್ಟರ್ ಹೊಗೆ ಕಂಡು ಜಾಸ್ತಿ ಎಳೆದರೆ ಫೈರ್. ರೆಸಿಸ್ಟರನ್ನು ಪ್ಯಾನಲ್ ಒಳಗೇ ಹಾಕಿದರೆ ಆಚೆ ವೈರನ್ನು ಇಲಿ ಕಡಿದು ಹಾಕಿದರೂ ಅದಕ್ಕೆ ಎಲ್ಲ ಕ್ಷೇಮ. ನಮ್ಮಲ್ಲಿ ಒಂದು ಝೋನಿಗೆ ವೈರನ್ನೇ ಪೂರ್ತಿ ಎಳೆದಿರಲಿಲ್ಲ. ಮೆಟ್ಟಿಲ ಹತ್ತಿರ ಫಾಲ್ಸ್ ಸೀಲಿಂಗ್ ಮೇಲೆ ಸುತ್ತಿ ಇಟ್ಟು ಹೋಗಿದ್ದರು!

ಇವರು ಎರಡೂವರೆ ದಿನ ತೆಗೆದುಕೊಂಡರು. ಹೋಮದ ಜಾಗಕ್ಕೇ ಒಂದು ಝೋನ್ ಬಿಡಿಸಿದರು, ರೂಮುಗಳನ್ನು ಎರಡು ಝೋನ್ ಮಾಡಿದರು, ಅಡುಗೆಮನೆಯಲ್ಲಿ ಒಗ್ಗರಣೆಗೆಲ್ಲ ಕೂಗುತ್ತಿದ್ದ ಸ್ಮೋಕ್ ಡಿಟೆಕ್ಟರ್ ತೆಗೆದು ಹೀಟ್ ಡಿಟೆಕ್ಟರ್ ಹಾಕಿದರು. ಒಂದೊಂದು ಝೋನಿನಲ್ಲೂ ಕೊನೆಯ ಡಿಟೆಕ್ಟರ್ ನನ್ನ ಕೈಯಲ್ಲೇ ಬಿಚ್ಚಿಸಿ, ಕೆಳಗೆ ಫಾಲ್ಟಿನ ಹಳದಿ ಲೈಟ್ ಬಂತಾ ಅಂತ ವಾಚ್‌ಮನ್‌ನನ್ನು ಫೋನಿನಲ್ಲಿ ಕೇಳಿ ಆಮೇಲೇ ಮುಂದಕ್ಕೆ. ಉಬ್ಬಿದ್ದ ಹಳೇ ಬ್ಯಾಟರಿ ಬಿಸಾಕಿ 12 ವೋಲ್ಟಿನ ಎರಡು ಹೊಸದು ಹಾಕಿ, ಬರೀ ಬ್ಯಾಟರಿಯಲ್ಲೇ ನಡೆಯುತ್ತಾ ನೋಡೋಕೆ ರಾತ್ರಿ ಮೇನ್ಸ್ ಆಫ್ ಮಾಡಿಸಿ ಹೋದರು. ಬೆಳಿಗ್ಗೆ ಬಂದು ಮೊದಲು ಹೂಟರ್ ಹೊಡೆಸಿದರು. ಕಾಫಿ ಆಮೇಲೆ.

ಕೊರತೆ ಇಲ್ಲ ಅಂತಲ್ಲ. ಕನ್ವೆನ್ಷನಲ್ ಕನ್ವೆನ್ಷನಲ್ಲೇ, 8 ಝೋನ್ ಆದರೂ ಯಾವ ಡಿಟೆಕ್ಟರ್ ಅಂತ ಹೇಳೋದಿಲ್ಲ, ಹೋಗಿ ಹುಡುಕಬೇಕು. ಅದಕ್ಕೆ ಪ್ರತಿ ರೂಮಿನ ಬಾಗಿಲ ಮೇಲೆ ಕೆಂಪು ಇಂಡಿಕೇಟರ್ ಹಾಕಿಸಿದೆವು, ಒಳಗಿನ ಡಿಟೆಕ್ಟರ್ ಹೊಡೆದರೆ ಹೊರಗೆ ಉರಿಯುತ್ತದೆ. ಕಳೆದ ತಿಂಗಳು ಕೆಳಗೆ ಹೋಮ ನಡೆಯುತ್ತಿತ್ತು, ಆ ಝೋನ್ ಒಂದೇ ಐಸೊಲೇಟ್ ಆಗಿತ್ತು, ಅಷ್ಟರಲ್ಲಿ 6ನೇ ಝೋನ್ ಕೂಗಿತು. ವಾಚ್‌ಮನ್ ಓಡಿ ಹೋದರೆ 9ನೇ ರೂಮಿನ ಮೇಲೆ ಲೈಟ್. ಬಾಗಿಲು ತೆಗೆದ ಅಜ್ಜಿ, ಕೂಸಿಗೆ ಸಾಂಬ್ರಾಣಿ ಹಾಕ್ತಿದ್ದೆ ಕಣಪ್ಪ, ಅದಕ್ಕೂ ನಿಮ್ಮನ್ನು ಕೇಳಬೇಕಾ ಅಂದರಂತೆ.

ಕಾರ್ಡಿಗೆ 5ಕ್ಕೆ 4. ಒಂದು ಕಳೆದಿದ್ದು ಯಾಕಂದರೆ ಹೊಸ ಕಾರ್ಡಿನ ಲೈಟುಗಳ ಪಕ್ಕ ಮತ್ತೆ 1, 2, 3, 4 ಅಂತಲೇ ಪ್ರಿಂಟ್ ಆಗಿದೆ, ನೋಡಿದವರಿಗೆ ಗೊಂದಲ. ನಾವು ಅದರ ಮೇಲೆ ಸ್ಟಿಕ್ಕರ್ ಅಂಟಿಸಿ ಕನ್ನಡದಲ್ಲಿ ಹೋಮದ ಜಾಗ, ಅಡುಗೆಮನೆ, ರೂಮು 1ರಿಂದ 7 ಅಂತ ಬರೆದಿದ್ದೇವೆ. ಎರಡನೇ ಸಲ ಬಂದ ಟೆಕ್ನಿಷಿಯನ್‌ಗೆ 5ಕ್ಕೆ 5. ಮೊದಲಿನವರು ಇನ್ನೂ ಫೋನ್ ಎತ್ತುತ್ತಿಲ್ಲ.