ಕಾಲು ಒಂದೇ ಸೆಟ್, ಹೆಡ್ ಎರಡು: ಮ್ಯಾನ್‌ಫ್ರೊಟ್ಟೊ 055 ಟ್ರೈಪಾಡ್

ದೇವರಾಯನದುರ್ಗದಲ್ಲಿ ಜೇಡ, ಚಿಟ್ಟೆ. ಕಗ್ಗಲಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ. ತುಮಕೂರು ಕಡೆ ಕ್ಯಾಮೆರಾ ಹಿಡಿದವರಿಗೆ ಮ್ಯಾಕ್ರೊ (ಪುಟ್ಟದನ್ನು ತೀರಾ ಹತ್ತಿರದಿಂದ ತೆಗೆಯುವುದು), ಟೆಲಿ (ದೂರದ್ದನ್ನು ಹತ್ತಿರಕ್ಕೆ ತರುವುದು) ಎರಡೂ ಬೇಕಾಗುತ್ತವೆ. ಎರಡಕ್ಕೂ ಒಂದೇ ಬಾಲ್ ಹೆಡ್ (ಗುಂಡಿನ ಮೇಲೆ ಎತ್ತಲಾದರೂ ತಿರುಗುವ, ಕ್ಯಾಮೆರಾ ಕೂರುವ ಟ್ರೈಪಾಡಿನ ತಲೆ) ಸಾಕು ಅಂದುಕೊಂಡರೆ ಎರಡರಲ್ಲೂ ಪರದಾಟ.

ಟ್ರೈಪಾಡ್ ಮಟ್ಟಿಗೆ ಮ್ಯಾನ್‌ಫ್ರೊಟ್ಟೊ 055ರ ಮೂರು ಸೆಕ್ಷನ್ನಿನ ಅಲ್ಯೂಮಿನಿಯಂ ಮಾಡೆಲ್ ಒಳ್ಳೆಯ ಆಯ್ಕೆ. ತೂಕ 2.5 ಕೆ.ಜಿ., ಹೊರುವ ಭಾರ 9 ಕೆ.ಜಿ. ಬೆಟ್ಟ ಹತ್ತುವಾಗ ಹೆಗಲು ನೋಯುತ್ತದೆ, ನಿಜ. ನಾಲ್ಕು ಸೆಕ್ಷನ್ನಿನದು ಮಡಚಿದರೆ ಚಿಕ್ಕದಾಗುತ್ತದೆ, ಆದರೆ ಅದರ ಕೊನೆಯ ಕೊಳವೆ ಸಣ್ಣ, ಗಾಳಿಗೆ ನಡುಗುವುದೂ ಅಲ್ಲೇ. 055ರ ನಡುಗಂಬವನ್ನು ಅಡ್ಡಕ್ಕೆ ತಿರುಗಿಸಬಹುದು. ಕಾಲುಗಳನ್ನು ಪೂರ್ತಿ ಅಗಲಿಸಿದರೆ ನೆಲದಿಂದ 9 ಸೆಂ.ಮೀ.ವರೆಗೆ ಇಳಿಯುತ್ತದೆ. ಅಡ್ಡಗಂಬವನ್ನು ಆದಷ್ಟು ಕಡಿಮೆ ಚಾಚಿ. ಚಾಚಿದಷ್ಟೂ ಅಲುಗಾಟ ಹೆಚ್ಚು.

ಮ್ಯಾಕ್ರೊಗೆ ಗೇರ್ಡ್ ಹೆಡ್ಡೇ (ಹಲ್ಲುಗಾಲಿಯ ಮೇಲೆ ಇಷ್ಟಿಷ್ಟೇ ಕದಲುವ ಹೆಡ್) ಸರಿ. 1:1 ಅಳತೆಯಲ್ಲಿ (ಜೇಡ ಎಷ್ಟಿದೆಯೋ ಸೆನ್ಸರಿನ ಮೇಲೂ ಅಷ್ಟೇ ಬೀಳುವಾಗ), ಲೆನ್ಸಿನ ಕಿಂಡಿ ಎಫ್/11ಕ್ಕೆ ಕಿರಿದು ಮಾಡಿ ಇಟ್ಟರೂ, ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ ಫೋಕಸ್ ಸಿಗುವುದು ಸುಮಾರು 1.3 ಮಿ.ಮೀ. ದಪ್ಪದಷ್ಟೇ. ಬಾಲ್ ಹೆಡ್ ಬಿಗಿ ಮಾಡಿ ಕೈಬಿಟ್ಟ ಕ್ಷಣ ಲೆನ್ಸ್ ಕೂದಲೆಳೆಯಷ್ಟು ತಗ್ಗುತ್ತದೆ, ಜೇಡದ ಕಣ್ಣು ಹೋಗಿ ಹೊಟ್ಟೆ ಶಾರ್ಪ್ ಆಗುತ್ತದೆ. ಇದೇ ಕಂಪನಿಯ ಎಕ್ಸ್‌ಪ್ರೊ ಗೇರ್ಡ್ ಹೆಡ್ (750 ಗ್ರಾಂ, 4 ಕೆ.ಜಿ. ಸಾಮರ್ಥ್ಯ) ಗುಬುಟು ತಿರುಗಿಸಿದಷ್ಟೇ ಕದಲುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ. ಒಂದು ಕಿರಿಕಿರಿ: ಪ್ಲೇಟನ್ನು (ಕ್ಯಾಮೆರಾ ಅಡಿಗೆ ಬಿಗಿಯುವ ತಟ್ಟೆ) ಹಿಡಿಯುವ ಅದರ ಕ್ಲ್ಯಾಂಪ್ ಆರ್ಕಾ ಮಾದರಿಯದಲ್ಲ, ಅಂದರೆ ಹಲವು ಕಂಪನಿಗಳು ಬಳಸುವ ಸಾಮಾನ್ಯ ಮಾದರಿಯದಲ್ಲ. ಮೇಲೊಂದು ಆರ್ಕಾ ಕ್ಲ್ಯಾಂಪ್ ಕೂರಿಸಿಕೊಂಡರೆ ಫೋಕಸಿಂಗ್ ರೇಲ್ (ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸುವ ಹಳಿ), ಟೆಲಿ ಲೆನ್ಸಿನ ಪ್ಲೇಟ್ ಎಲ್ಲಕ್ಕೂ ಹೊಂದುತ್ತದೆ.

ಹಾರುವ ಕೊಕ್ಕರೆಯ ಹಿಂದೆ ಓಡಲು ಮಾತ್ರ ಗೇರ್ಡ್ ಹೆಡ್ ಕೆಲಸಕ್ಕೆ ಬಾರದು. ಅಲ್ಲಿ ಗಿಂಬಲ್ (ಭಾರದ ಲೆನ್ಸನ್ನು ತೂಗಿಸಿಟ್ಟು ಸಲೀಸಾಗಿ ತಿರುಗಿಸುವ ಹೆಡ್). 150-600 ಮಿ.ಮೀ. ಜೂಮಿನಂಥ ಲೆನ್ಸೇ 2 ಕೆ.ಜಿ. ಆಸುಪಾಸು ತೂಗುತ್ತದೆ, ಪ್ಲೇಟನ್ನು ಕ್ಯಾಮೆರಾಕ್ಕಲ್ಲ, ಲೆನ್ಸಿನ ಕಾಲರ್‌ಗೆ (ಲೆನ್ಸಿನ ಸುತ್ತ ಇರುವ ಬಳೆ) ಹಾಕಿ. ಜೂಮ್ ಪೂರ್ತಿ ಚಾಚಿ, ಗಿಂಬಲ್ಲಿನ ಮೇಲೆ-ಕೆಳಗಿನ ಬಿಗಿ ಸಡಿಲಿಸಿ, ಬಿದ್ದೀತೆಂದು ಕೈ ಅಡಿಯಲ್ಲೇ ಇಟ್ಟುಕೊಂಡು ಪ್ಲೇಟನ್ನು ಹಿಂದೆ ಮುಂದೆ ಸರಿಸಿ. ಮೂತಿ ಬಾಗಿದರೆ ಹಿಂದಕ್ಕೆ, ಎದ್ದರೆ ಮುಂದಕ್ಕೆ. ಆಮೇಲೆ ಎತ್ತರ ಸರಿಮಾಡಿ. ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಂತರೆ ಬ್ಯಾಲೆನ್ಸ್ ಆಯಿತು. ಜೂಮ್ ಕಡಿಮೆ ಮಾಡಿದರೆ ಭಾರ ಹಿಂದಕ್ಕೆ ಸರಿಯುತ್ತದೆ, ಹಾಗಾಗಿ ಹೆಚ್ಚು ಬಳಸುವ ಅಳತೆಯಲ್ಲೇ ಇದನ್ನು ಮಾಡಬೇಕು. 40 ಮಿ.ಮೀ.ಯ ಚೌಕ ಪ್ಲೇಟ್ ಇದಕ್ಕೆ ಸಾಲದು. ಕನಿಷ್ಠ 100 ಮಿ.ಮೀ. ಉದ್ದ ಬೇಕು.

ಅಂಗಡಿಯಲ್ಲಿ ಯಾರೂ ಹೇಳದ ಒಂದು ವಿಷಯ: 055ರ ಮೇಲ್ತಟ್ಟೆಯ ಅಡಿಯಲ್ಲಿ ಮೂರು ಪುಟ್ಟ ಸ್ಕ್ರೂ ಇವೆ. ಹೆಡ್ ತಿರುಗಿಸಿ ಕೂರಿಸಿದ ಮೇಲೆ ಅವನ್ನೂ ಬಿಗಿ ಮಾಡಿ. ಇಲ್ಲದಿದ್ದರೆ ಗಿಂಬಲ್ಲನ್ನು ಜೋರಾಗಿ ಎಡಕ್ಕೆ ತಿರುಗಿಸಿದಾಗ ಹೆಡ್ಡೇ ಬಿಚ್ಚಿಕೊಳ್ಳುತ್ತದೆ. ಹೆಡ್ ಬದಲಿಸುವಾಗ ಮೊದಲು ಸಡಿಲಿಸುವುದನ್ನೂ ಮರೆಯಬೇಡಿ.

ಇಳಿಜಾರಿನಲ್ಲಿ ಒಂದು ಕಾಲು ತಗ್ಗಿನ ಕಡೆಗೇ ಇರಲಿ. ಬಂಡೆಯ ಮೇಲೆ ಕಾಲಿನ ತುದಿಗೆ ಹಾಕುವ ಮೊಳೆ ಜಾರುತ್ತದೆ, ರಬ್ಬರ್ ಪಾದವೇ ವಾಸಿ. ಬ್ಯಾಗು ನೇತುಹಾಕಿದರೆ ನೆಲಕ್ಕೆ ತಾಗುವಂತಿರಬೇಕು. ಗಾಳಿಗೆ ತೂಗಾಡುವ ಬ್ಯಾಗು ಟ್ರೈಪಾಡನ್ನೂ ತೂಗಿಸುತ್ತದೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗ ತೆಗೆಯುವವರು ಗಾಡಿಯೊಳಗೇ ಕೂರುವುದಾದರೆ ಇದಾವುದೂ ಬೇಡ, ಎರಡು ಕೆ.ಜಿ. ರಾಗಿ ತುಂಬಿದ ಚೀಲವನ್ನು ಕಿಟಕಿಯ ಮೇಲಿಟ್ಟರೆ ಸಾಕು. ಬಿಸಿಲೇರಿದ ಮೇಲೆ ಅಲ್ಲಿನ ಫೋಟೊ ಮೆತ್ತಗಾದರೆ ಟ್ರೈಪಾಡನ್ನು ಬೈಯಬೇಡಿ. ನೆಲದ ಬಿಸಿಗಾಳಿ ಅಲೆಯಾಡುವಾಗ ಎಂಥ ದುಬಾರಿ ಹೆಡ್ಡಿಗೂ ಶಾರ್ಪ್‌ನೆಸ್ ತರಲಾಗದು.