ಗೂಗಲ್ ಸರ್ಚ್ ಕನ್ಸೋಲ್: ಕೋಲಾರದ ಸಣ್ಣ ಸುದ್ದಿಮನೆಯಿಂದ

ನಾವು ಮೂರು ಜನ ಸೇರಿ ಕೋಲಾರದಲ್ಲಿ ಸಣ್ಣ ಸುದ್ದಿ ವೆಬ್‌ಸೈಟ್ ನಡೆಸುತ್ತೇವೆ. ಗೂಗಲ್‌ನಲ್ಲಿ ಏನು ಟೈಪ್ ಮಾಡಿ ಜನ ನಮ್ಮ ಸುದ್ದಿಗೆ ಬಂದರು ಅಂತ ತೋರಿಸುವುದು ಸರ್ಚ್ ಕನ್ಸೋಲ್. ಪೂರ್ತಿ ಉಚಿತ. ಸೈಟ್ ನಮ್ಮದೇ ಅಂತ ಒಮ್ಮೆ ದೃಢಪಡಿಸಿದರೆ ಸಾಕು.

ಬೆಳಗ್ಗೆ ನಾನು ಮೊದಲು ತೆರೆಯುವುದು ‘ಕ್ವೆರಿ’ ಪಟ್ಟಿ, ಅಂದರೆ ಜನ ಹುಡುಕಿದ ಪದಗಳ ಪಟ್ಟಿ. ಎಪಿಎಂಸಿ ಸುದ್ದಿಗೆ ನಾವು ಬಹಳ ದಿನ ‘ಟೊಮೆಟೊ ಧಾರಣೆ ಕುಸಿತ’ ಅಂತಲೇ ಹೆಡ್ಡಿಂಗ್ ಕೊಟ್ಟಿದ್ದೆವು. ಪಟ್ಟಿಯಲ್ಲಿ ‘ಧಾರಣೆ’ ಒಂದು ಕಡೆಯೂ ಇರಲಿಲ್ಲ. ಇದ್ದದ್ದು ‘ಕೋಲಾರ ಟೊಮೆಟೊ ರೇಟ್ ಇವತ್ತು’. ಕೆಲವರು ಟಮೋಟ, ಕೆಲವರು ಟೊಮ್ಯಾಟೊ, ಇನ್ನು ಕೆಲವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಮಂಡಿಯಲ್ಲೂ ‘ಬಾಕ್ಸ್ ಎಷ್ಟಕ್ಕೆ ಹೋಯ್ತು’ ಅಂತಲೇ ಕೇಳುತ್ತಾರೆ, ಅಲ್ವಾ?

‘15 ಕೆ.ಜಿ. ಬಾಕ್ಸ್ ಇವತ್ತು ಎಷ್ಟು?’ ಅಂತ ಬದಲಿಸಿದೆವು. ಕ್ಲಿಕ್ ಏರಿತು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಕಾಯಿ ಇವತ್ತು ಕೀಳಿಸಬೇಕೋ ನಾಳೆಯೋ ಅಂತ ತೋಟದಲ್ಲಿ ನಿಂತವರಿಂದ ರೇಟು ಬಚ್ಚಿಟ್ಟು ಒಳಗೆ ಕರೆಯುವುದು ತಪ್ಪು. ಈಗ ರೇಟನ್ನೇ ಹೆಡ್ಡಿಂಗ್‌ನಲ್ಲಿ ಹಾಕುತ್ತೇವೆ. ಜಾಸ್ತಿ ಜನ ಅಲ್ಲೇ ಓದಿಕೊಂಡು ಹೋಗುತ್ತಾರೆ. ಇಂಪ್ರೆಷನ್ (ಹುಡುಕಿದವರಿಗೆ ನಮ್ಮ ಸುದ್ದಿ ಎಷ್ಟು ಸಲ ಕಂಡಿತು ಅನ್ನುವ ಲೆಕ್ಕ) ಗೆರೆ ಮೇಲಿದೆ, ಕ್ಲಿಕ್ ಗೆರೆ ಇಳಿದಿದೆ, ಜಾಹೀರಾತಿನ ಕಾಸೂ ಕಮ್ಮಿಯಾಯಿತು. 2023ರ ಜುಲೈನಂತೆ ಬಾಕ್ಸ್ ಮತ್ತೆ 2,000 ರೂಪಾಯಿ ದಾಟಿದರೂ ಹೀಗೇ ಮಾಡುತ್ತೇವೆ.

ಕನ್ಸೋಲ್‌ನ ಮಾಮೂಲಿ ವರದಿ ಎರಡು ಮೂರು ದಿನ ತಡ. 2024ರ ಡಿಸೆಂಬರ್‌ನಲ್ಲಿ ಹಿಂದಿನ 24 ಗಂಟೆಯ ಅಂಕಿ ತೋರಿಸುವ ನೋಟ ಬಂತು, ಅದೂ ಕೆಲವು ಗಂಟೆ ತಡವೇ. ನನಗೆ ಈ ನಿಧಾನವೇ ಇಷ್ಟ. ಮೊದಲು ದುಡಿದ ಕಚೇರಿಯಲ್ಲಿ ಗೋಡೆಯ ಟಿವಿ ಮೇಲೆ ಈ ಕ್ಷಣ ಎಷ್ಟು ಜನ ಓದುತ್ತಿದ್ದಾರೆ ಅಂತ ಕುಣಿಯುತ್ತಿತ್ತು. ಸಂಖ್ಯೆ ಇಳಿದರೆ ಡೆಸ್ಕ್‌ನಲ್ಲಿ ಎಲ್ಲರ ಮುಖವೂ ಇಳಿಯುತ್ತಿತ್ತು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದ ಕೆರೆಯೊಂದರ ವರದಿ ಅರ್ಧ ಬರೆದಿದ್ದೆ. ಅದನ್ನು ಬಿಡಿಸಿ ಸಿನಿಮಾದವರ ಮದುವೆ ಫೋಟೊಗೆ ಕೂರಿಸಿದರು. ಆ ಅರ್ಧ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಕೊರತೆಗಳೂ ಇವೆ. ಮಾಹಿತಿ ಉಳಿಯುವುದು 16 ತಿಂಗಳು ಮಾತ್ರ. ಹೋದ ವರ್ಷದ ಶ್ರೀನಿವಾಸಪುರ ಮಾವಿನ ಸೀಸನ್ ಜೊತೆ ಹೋಲಿಸಬಹುದು, ಅದರ ಹಿಂದಿನದು ಸಿಗುವುದಿಲ್ಲ. ತಿಂಗಳಿಗೊಮ್ಮೆ ಇಳಿಸಿ ಇಟ್ಟುಕೊಳ್ಳಿ. ಬಹಳ ಕಮ್ಮಿ ಜನ ಹುಡುಕಿದ ಪದಗಳನ್ನು ಖಾಸಗಿತನಕ್ಕಾಗಿ ತೋರಿಸುವುದೇ ಇಲ್ಲ. ಹಳ್ಳಿ ಹೆಸರಿನ ಹುಡುಕಾಟಗಳನ್ನೇ ನಂಬಿದ ನಮ್ಮಂಥವರಿಗೆ ಇದು ದೊಡ್ಡ ನಷ್ಟ.

ಇನ್ನೊಂದು ವಿಷಯ. ಜನ ಹುಡುಕುವುದು ತಮಗೆ ಗೊತ್ತಿರುವುದನ್ನು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ತಮ್ಮೂರ ಕೆರೆ ವಾಸನೆ ಬರುತ್ತಿದೆ ಅಂತ ಯಾರೂ ಗೂಗಲ್‌ನಲ್ಲಿ ಟೈಪ್ ಮಾಡಲ್ಲ, ಫೋನ್ ಮಾಡುತ್ತಾರೆ. ಸೋಮವಾರ ಅಂಥ ಒಂದು ಫೋನ್ ಬಂತು. ಅವತ್ತು ಕನ್ಸೋಲ್ ತೆರೆದದ್ದು ಕೆರೆಯಿಂದ ವಾಪಸ್ ಬಂದ ಮೇಲೆ, ರಾತ್ರಿ.