ಮ್ಯಾಂಕ್ಸ್ ನಾರ್ಟನ್ನೋ, ಮ್ಯಾಚ್‌ಲೆಸ್ ಜಿ50ಯೋ?

ಕ್ಲಾಸಿಕ್ ರೇಸಿಗೆ, ಅಂದರೆ ಹಳೆಯ ಬೈಕುಗಳ ರೇಸಿಗೆ, ಬ್ರಿಟನ್ನಿನ 500 ಸಿಸಿ ಸಿಂಗಲ್ ಸಿಲಿಂಡರ್ ಬೈಕೇ ಬೇಕೆನ್ನುವವರ ಹುಡುಕಾಟ ಸಾಮಾನ್ಯವಾಗಿ ಈ ಎರಡರ ಮುಂದೆ ಬಂದು ನಿಲ್ಲುತ್ತದೆ.

ಹೆಸರು, ಚರಿತ್ರೆ ಮುಖ್ಯವೆಂದರೆ ಮ್ಯಾಂಕ್ಸ್‌ಗೆ ಸಾಟಿಯಿಲ್ಲ. 1950ರಲ್ಲಿ ಬಂದ ಅದರ ‘ಫೆದರ್‌ಬೆಡ್’ ಫ್ರೇಮ್ (ಚೌಕಟ್ಟು) ತಿರುವಿನಲ್ಲಿ ಕೊಡುವ ಧೈರ್ಯ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಐಲ್ ಆಫ್ ಮ್ಯಾನ್ ದ್ವೀಪದ ರಸ್ತೆ ರೇಸಾದ ಸೀನಿಯರ್ ಟಿಟಿಯನ್ನು 1961ರಲ್ಲಿ ಮೈಕ್ ಹೈಲ್‌ವುಡ್ ಗೆದ್ದದ್ದು ನಾರ್ಟನ್ ಮೇಲೆಯೇ. 1969ರಲ್ಲೂ ಗಾಡ್‌ಫ್ರಿ ನ್ಯಾಶ್ ನಾರ್ಟನ್ ಮೇಲೆಯೇ ಯುಗೊಸ್ಲಾವಿಯಾ ಗ್ರ್ಯಾನ್ ಪ್ರಿ ಗೆದ್ದರು. 500 ಸಿಸಿ ವರ್ಗದಲ್ಲಿ ಸಿಂಗಲ್ ಸಿಲಿಂಡರಿನ ಕೊನೆಯ ಗೆಲುವು ಅದು.

ಆದರೆ ಎಂಜಿನ್ ಬಿಚ್ಚಿದಾಗ ಗೊತ್ತಾಗುತ್ತದೆ ಅದರ ಕಷ್ಟ. ವಾಲ್ವ್ ತೆರೆಯುವ ಎರಡು ಕ್ಯಾಮ್‌ಗಳನ್ನು ತಿರುಗಿಸಲು ಉದ್ದನೆಯ ಶಾಫ್ಟ್, ಅದರ ಎರಡೂ ತುದಿಯಲ್ಲಿ ಬೆವೆಲ್ (ಓರೆ ಹಲ್ಲಿನ) ಗೇರ್, ಮೇಲೆ ಮತ್ತೊಂದು ಗೇರ್ ಸಾಲು. ಹಲ್ಲಿಗೆ ಹಲ್ಲು ಸರಿಯಾಗಿ ಕೂರುವಂತೆ ಶಿಮ್ (ತೆಳು ಬಿಲ್ಲೆ) ಹಾಕಲು ಪಳಗಿದ ಕೈಯೇ ಬೇಕು. ವಾಲ್ವ್ ಸ್ಪ್ರಿಂಗುಗಳು ಬಯಲಲ್ಲೇ ಇರುವುದರಿಂದ ಎಣ್ಣೆ ಆಚೆ ಸಿಡಿಯುತ್ತದೆ.

ಜಿ50 ಸರಳ: ಒಂದೇ ಕ್ಯಾಮ್, ಅದಕ್ಕೊಂದು ಚೈನ್. 350 ಸಿಸಿಯ ಎಜೆಎಸ್ 7ಆರ್ ಎಂಬ ರೇಸ್ ಬೈಕಿನ ಎಂಜಿನ್ನನ್ನೇ 496 ಸಿಸಿಗೆ ಹಿಗ್ಗಿಸಿದ್ದು. ಬೈಕ್ ಮ್ಯಾಂಕ್ಸ್‌ಗಿಂತ ಹಗುರ. 1984ರಲ್ಲಿ ಡೇವ್ ರೋಪರ್ ಐಲ್ ಆಫ್ ಮ್ಯಾನ್‌ನಲ್ಲಿ ಹಿಸ್ಟಾರಿಕ್ ಟಿಟಿ ಗೆದ್ದದ್ದು ಇದರ ಮೇಲೆ.

ಎರಡಕ್ಕೂ ಕಿಕ್ಕರ್ ಇಲ್ಲ, ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಸ್ಪ್ಯಾನರ್ ನೀವೇ ಹಿಡಿಯುವವರಾದರೆ ನನ್ನ ಮತ ಜಿ50ಗೆ. ಹಳೆಯ ಮೆಗ್ನೀಸಿಯಂ ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ಕೆಳಭಾಗದ ಕವಚಕ್ಕೆ) ವಯಸ್ಸಾಗಿರುತ್ತದೆ. ಟ್ರ್ಯಾಕಿಗಿಳಿಸುವುದಾದರೆ ಹೊಸದಾಗಿ ತಯಾರಿಸಿದ ಎಂಜಿನ್ನನ್ನೇ ಕೊಳ್ಳಿ.